ಜಾಸ್ತಿನೋ ಕಡಿಮಿನೋ? ಮಕ್ಕಳ ಸಂಧಿವಾತದ ಒಂದು ಚರಿತ್ರೆ

ಈ ಸಲದ ಇ-ಸಂಚಿಕೆಗೆ ಇತಿಹಾಸದ ಬಗ್ಗೆ ಒಂದು ಲೇಖನ ಬೇಕು ಎಂದು ವೇದಿಕೆಯ ಗೆಳತಿಯರು ಕೇಳಿದಾಗ ಅವರ ಮನಸ್ಸಿನಲ್ಲಿ ಇದ್ದದ್ದು ರಾಣಿಯರ, ಶರಣೆಯರ ಇತಿಹಾಸ ಇರಬೇಕು. ಅದನ್ನು ನನಗಿಂತ ಚೆನ್ನಾಗಿ ಬರೆಯುವವರು ನಮ್ಮಲ್ಲಿ ಇದ್ದಾರೆ. ನಾನು ಇಪ್ಪತ್ತೆಂಟು ವರ್ಷ ಮುಂಬಯಿಯ ಪೆಥಾಲಜಿ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿದವಳು. ನನಗೆ ಗೊತ್ತಿರುವುದು ರಕ್ತದ ಇತಿಹಾಸ. ಅದರಲ್ಲಿಯೂ ಒಂದು ಸಣ್ಣ ಎಳೆಯನ್ನು ಮಾತ್ರ ಇಲ್ಲಿ ಹಿಡಿದಿದ್ದೇನೆ.

ಮೂರು ವರ್ಷಗಳ ಹಿಂದೆ ಧಾರವಾಡದಿಂದ ನನ್ನ ತಂಗಿಯ ಮಗಳು ಫೋನ್ ಮಾಡಿದಳು. ಅವಳ ಐದು ವರ್ಷದ ಹುಡುಗಿಗೆ ಎರಡು ತಿಂಗಳಿಂದ ಜ್ವರ. ದಿನಾ ಸಂಜೆ 103ರವರೆಗೆ ಏರುವುದು, ಬೆಳಗಾಗುವಷ್ಟರಲ್ಲಿ ತಾನಾಗಿ ಇಳಿಯುವುದು. ಏರಿದಾಗ ಎದೆ, ಬೆನ್ನಿನ ಮೇಲೆ ಗುಲಾಬಿ ಬಣ್ಣದ ದದ್ದು. ಜ್ವರ ಇಳಿದರೆ ದದ್ದೂ ಮಾಯ. ಮೊದಲು ತೋರಿಸಿದ ಕಡೆ ಟೈಫಾಯ್ಡ್ ಎಂದರು, ಕೋರ್ಸ್ ಮುಗಿಯಿತು, ಜ್ವರ ಮುಗಿಯಲಿಲ್ಲ. ಇನ್ನೊಂದು ಕಡೆಯೂ ಟೈಫಾಯ್ಡ್ ಎಂದರು. ಮಗು ಮಂಡಿ ಊದಿಕೊಂಡು ಹಾಸಿಗೆಯಿಂದ ಇಳಿಯದೆ ಹೋದ ಮೇಲೆ ಮಕ್ಕಳ ಕೀಲುರೋಗ ತಜ್ಞರ ಬಳಿ ಹೋದರು. ಅವರು ಹೇಳಿದ ಹೆಸರು ಸಿಸ್ಟೆಮಿಕ್ ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್. ಮೈಯ ರಕ್ಷಣಾ ವ್ಯವಸ್ಥೆ ಮೈಯನ್ನೇ ಸುಡುವ ಮಕ್ಕಳ ಸಂಧಿವಾತ. ಔಷಧ ಇದೆ, ಯಾವುದಕ್ಕೂ ಬಗ್ಗದಿದ್ದರೆ ಕೊನೆಯದಾಗಿ ಸ್ಟೆಮ್ ಸೆಲ್ ಕಸಿಯೂ ಇದೆ ಎಂದರಂತೆ.

ಫೋನಿನಲ್ಲಿ ಅವಳು ಅಳಲಿಲ್ಲ. ಒಂದು ಪ್ರಶ್ನೆ ಕೇಳಿದಳು. "ಮೌಶಿ, ಇಕಿ ಮೈಯಾಗ ರೋಗನಿರೋಧಕ ಶಕ್ತಿ ಜಾಸ್ತಿ ಆಗೇದ ಅಂತಾರ. ಮತ್ತ ಔಷಧ ಸುರು ಮಾಡೂಕಿಂತ ಮೊದಲ ಟಿ.ಬಿ. ಟೆಸ್ಟ್ ಮಾಡಸ್ರಿ, ಸೋಂಕು ತಗಲಬಾರದು ಅಂತಾನೂ ಅಂತಾರ. ಶಕ್ತಿ ಜಾಸ್ತಿನೋ ಕಡಿಮಿನೋ, ಒಂದ್ ಖರೇ ಹೇಳ್ರಿ."

ನನಗೆ ಆಗ ಉತ್ತರ ಹೊಳೆಯಲಿಲ್ಲ. ಆಮೇಲೆ ಓದುತ್ತಾ ಹೋದಂತೆ ತಿಳಿಯಿತು: ಇದೇ ಪ್ರಶ್ನೆಯನ್ನು ದೊಡ್ಡ ದೊಡ್ಡ ವೈದ್ಯರೂ ಬಹಳ ತಡವಾಗಿ ಕೇಳಿಕೊಂಡಿದ್ದಾರೆ. ಅದನ್ನು ಕೇಳುವಂತೆ ಮಾಡಿದ್ದು ಕೆಲವು ಮಕ್ಕಳ ಸಾವು.

ಕತೆ ಶುರುವಾಗುವುದು ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯಲ್ಲಿ. ಜಾರ್ಜ್ ಫ್ರೆಡರಿಕ್ ಸ್ಟಿಲ್ ಎಂಬ ಯುವ ವೈದ್ಯ ಕೀಲು ಊದಿದ 22 ಮಕ್ಕಳನ್ನು ಗಮನಿಸಿ 1897ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ. ದೊಡ್ಡವರಿಗೆ ಬರುವ ಸಂಧಿವಾತವೇ ಮಕ್ಕಳಿಗೂ ಬರುತ್ತದೆ ಎಂದು ಅಲ್ಲಿಯವರೆಗೆ ನಂಬಿದ್ದರು. ಸ್ಟಿಲ್ ಅಲ್ಲ ಎಂದ. ಈ ಮಕ್ಕಳಲ್ಲಿ ಕೀಲಿನ ಜೊತೆಗೆ ಗುಲ್ಮ ದೊಡ್ಡದಾಗಿದೆ, ಕುತ್ತಿಗೆ ಕಂಕುಳಿನ ದುಗ್ಧಗ್ರಂಥಿಗಳು ಊದಿವೆ, ಜ್ವರ ಬಿಡುತ್ತಿಲ್ಲ ಎಂದು ಬರೆದ. ಅವನ ಕಾಲದಲ್ಲಿ ರಕ್ತದ ಇಂಥ ಪರೀಕ್ಷೆಗಳಿರಲಿಲ್ಲ, ಎಕ್ಸ್-ರೇ ಆಗತಾನೆ ಹುಟ್ಟಿತ್ತು. ಬೆರಳಿನಿಂದ ಮುಟ್ಟಿ, ದಿನಾ ಜ್ವರ ಬರೆದಿಟ್ಟು ಇಷ್ಟನ್ನು ಕಂಡುಕೊಂಡ. ಗುಲ್ಮ, ದುಗ್ಧಗ್ರಂಥಿಗಳೆಂದರೆ ರಕ್ಷಣಾ ಕೋಶಗಳು ಸೇರುವ ಮನೆಗಳು. ಕೀಲಿನ ಕಾಯಿಲೆಯಲ್ಲಿ ಆ ಮನೆಗಳು ಏಕೆ ಊದಬೇಕು ಎಂಬುದಕ್ಕೆ ಅವನಲ್ಲಿ ಉತ್ತರವಿರಲಿಲ್ಲ.

ಅದೇ ಹೊತ್ತಿಗೆ ಜರ್ಮನಿಯಲ್ಲಿ ಪಾಲ್ ಎರ್ಲಿಕ್ ಆಡುಗಳ ಮೇಲೆ ಪ್ರಯೋಗ ನಡೆಸಿದ್ದ. ಒಂದು ಆಡಿನ ರಕ್ತವನ್ನು ಇನ್ನೊಂದಕ್ಕೆ ಚುಚ್ಚಿದರೆ ಅದು ಪರರಕ್ತದ ವಿರುದ್ಧ ಅಸ್ತ್ರ ತಯಾರಿಸುತ್ತದೆ, ತನ್ನ ರಕ್ತದ ವಿರುದ್ಧ ಎಂದೂ ಇಲ್ಲ. ದೇಹಕ್ಕೆ ತನಗೆ ತಾನೇ ವಿಷವಾಗುವ ಭಯ ಇದೆ ಎಂದು ಅದಕ್ಕೊಂದು ಲ್ಯಾಟಿನ್ ಹೆಸರನ್ನೂ ಇಟ್ಟ. ಮಾತು ಎಷ್ಟು ಚೆನ್ನಾಗಿತ್ತೆಂದರೆ, ದೇಹ ತನ್ನನ್ನು ತಾನೇ ಹೊಡೆಯಬಲ್ಲದು ಎಂಬುದನ್ನು ವೈದ್ಯಲೋಕ ಒಪ್ಪಲು ಸುಮಾರು ಐವತ್ತು ವರ್ಷ ಹಿಡಿಯಿತು.

ಒಪ್ಪಿದ ಮೇಲೆ ತರ್ಕ ಸರಳವಾಯಿತು. ಶಕ್ತಿ ಅತಿಯಾಗಿದೆ, ಹಾಗಾದರೆ ಅದನ್ನು ತಗ್ಗಿಸೋಣ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಕಾರ್ಟಿಸೋನ್ ಚುಚ್ಚಿದಾಗ ಹಾಸಿಗೆ ಹಿಡಿದಿದ್ದ ಸಂಧಿವಾತದ ರೋಗಿ ಕೆಲವೇ ದಿನಗಳಲ್ಲಿ ಎದ್ದು ನಡೆದಳು. 1950ರಲ್ಲಿ ಅವನಿಗೆ ನೊಬೆಲ್ ಬಂತು. ಮಕ್ಕಳಿಗೂ ಸ್ಟಿರಾಯ್ಡ್ ಕೊಟ್ಟರು. ಜ್ವರ ಇಳಿಯಿತು, ಕೀಲು ಸಡಿಲವಾಯಿತು. ಆದರೆ ಮುಖ ಊದಿತು, ಎತ್ತರ ನಿಂತುಹೋಯಿತು, ಮೂಳೆ ಟೊಳ್ಳಾಯಿತು. ಆಮೇಲೆ ಬಂದದ್ದು ಮೆಥೊಟ್ರೆಕ್ಸೇಟ್. ಹೈದರಾಬಾದಿನ ನಮ್ಮ ಸದಸ್ಯರಿಗೆ ಇಷ್ಟವಾಗುವ ಸಂಗತಿ ಎಂದರೆ, ಆ ಜಾತಿಯ ಔಷಧಗಳನ್ನು ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ರೂಪಿಸಿದ ತಂಡದ ಮುಖ್ಯಸ್ಥ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬಾರಾವ್. ಕ್ಯಾನ್ಸರಿಗೆಂದು ಹುಟ್ಟಿದ ಆ ಔಷಧ ಸಣ್ಣ ಪ್ರಮಾಣದಲ್ಲಿ ಮಕ್ಕಳ ಸಂಧಿವಾತಕ್ಕೂ ಕೆಲಸ ಮಾಡುತ್ತದೆ ಎಂಬುದನ್ನು 1992ರಲ್ಲಿ ಅಮೆರಿಕ ಮತ್ತು ಸೋವಿಯತ್ ವೈದ್ಯರು ಕೂಡಿ ನಡೆಸಿದ ಅಧ್ಯಯನ ತೋರಿಸಿತು. ಅನೇಕ ಮಕ್ಕಳು ಇದರಿಂದ ನಡೆದಾಡಿದರು. ಜ್ವರದಿಂದ ಶುರುವಾಗುವ, ಸ್ಟಿಲ್ ವರ್ಣಿಸಿದ ಬಗೆಯ ಮಕ್ಕಳಿಗೆ ಮಾತ್ರ ಇದು ಅಷ್ಟಾಗಿ ಒಗ್ಗಲಿಲ್ಲ.

ಇನ್ನು ಕಸಿಯ ವಿಷಯ. ಅದರ ಸುಳಿವು ಸಿಕ್ಕಿದ್ದು ಚಿನ್ನದಿಂದ! 1929ರ ಹೊತ್ತಿನಿಂದ ಸಂಧಿವಾತಕ್ಕೆ ಚಿನ್ನದ ಲವಣದ ಇಂಜೆಕ್ಷನ್ ಕೊಡುವ ರೂಢಿ ಬಂದಿತ್ತು. ನಾವು ಕೊರಳಿಗೆ ಹಾಕಿಕೊಳ್ಳುವ ಚಿನ್ನವನ್ನು ಅವರು ಸ್ನಾಯುವಿಗೆ ಚುಚ್ಚಿಸಿಕೊಳ್ಳುತ್ತಿದ್ದರು. ಕೆಲವರಿಗೆ ಅದರಿಂದ ಅಸ್ಥಿಮಜ್ಜೆಯೇ ಬತ್ತಿಹೋಗುತ್ತಿತ್ತು. ಅಂಥವರ ಪ್ರಾಣ ಉಳಿಸಲು ಬೇರೆಯವರ ಮಜ್ಜೆ ಹಾಕಿದಾಗ ರಕ್ತದ ಜೊತೆಗೆ ಸಂಧಿವಾತವೂ ಸುಧಾರಿಸಿದ್ದು ಕಂಡುಬಂತು. ಆಗ ಡಿ. ಡಬ್ಲ್ಯು. ವ್ಯಾನ್ ಬೆಕ್ಕುಮ್ ಎಂಬ ಡಚ್ ವಿಜ್ಞಾನಿ ಇಲಿಗಳಲ್ಲಿ ಸಂಧಿವಾತ ಹುಟ್ಟಿಸಿ ಮಜ್ಜೆ ಕಸಿ ಮಾಡಿ ನೋಡಿದ. 1989ರಲ್ಲಿ ಪ್ರಕಟವಾದ ಅವನ ಫಲಿತಾಂಶದಲ್ಲಿ ಒಂದು ವಿಚಿತ್ರವಿತ್ತು. ಬೇರೆ ಇಲಿಯ ಮಜ್ಜೆಯೇ ಬೇಕೆಂದಿಲ್ಲ. ರೋಗದ ಇಲಿಗೆ ಅದರದೇ ಮಜ್ಜೆಯನ್ನು ಮರಳಿ ಕೊಟ್ಟರೂ ರೋಗ ಹಿಮ್ಮೆಟ್ಟುತ್ತದೆ. ನಡುವೆ ಹಳೆಯ ರಕ್ಷಣಾ ಕೋಶಗಳನ್ನು ಅಳಿಸಿಹಾಕಿದರೆ ಸಾಕು.

ಇಲ್ಲಿ ಒಂದು ಮಾತು. ನಮ್ಮ ಮುಂಬಯಿಯ ಟಾಟಾ ಆಸ್ಪತ್ರೆಯಲ್ಲಿ 1983ರಲ್ಲಿ ಡಾ. ಸುರೇಶ್ ಅಡ್ವಾಣಿಯವರು ದೇಶದ ಮೊದಲ ಅಸ್ಥಿಮಜ್ಜೆ ಕಸಿ ಮಾಡಿದ್ದು ಬ್ಲಡ್ ಕ್ಯಾನ್ಸರಿಗೆ. ಕ್ಯಾನ್ಸರಿನಲ್ಲಿ ಲೆಕ್ಕ ಬೇರೆ. ಕಸಿ ಮಾಡದಿದ್ದರೆ ಜೀವ ಹೋಗುವುದು ಬಹುಮಟ್ಟಿಗೆ ಖಚಿತವಿದ್ದಾಗ ಕಸಿಯ ಅಪಾಯವನ್ನು ಒಪ್ಪಿಕೊಳ್ಳಬಹುದು. ಸಂಧಿವಾತದ ಮಗು ನರಳುತ್ತದೆ, ಬೆಳೆಯುವುದಿಲ್ಲ, ಗಾಲಿಕುರ್ಚಿಗೆ ಬೀಳುತ್ತದೆ, ಆದರೆ ಬದುಕಿರುತ್ತದೆ. ಅಂಥ ಮಗುವನ್ನು ಕಸಿಗೆ ಒಪ್ಪಿಸುವ ತಾಯಿಯ ಎದೆ ಹೇಗಿರಬೇಕು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಒಪ್ಪಿಸಿದ ತಾಯಂದಿರು ಇದ್ದರು. ನೆದರ್ಲೆಂಡ್ಸ್‌ನ ಯೂಟ್ರೆಕ್ಟ್ ನಗರದ ವಿಲ್ಹೆಲ್ಮಿನಾ ಮಕ್ಕಳ ಆಸ್ಪತ್ರೆಯಲ್ಲಿ ನಿಕೋ ವುಲ್ಫ್ರಾಟ್, ವಿಯೆಟ್ಸೆ ಕೌಸ್ ಮತ್ತು ಸಂಗಡಿಗರು 1990ರ ದಶಕದ ಕೊನೆಯಲ್ಲಿ ನಾಲ್ಕು ಮಕ್ಕಳಿಗೆ ಈ ಕಸಿ ಮಾಡಿ 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಕೊಟ್ಟರು. ಎಲ್ಲ ಔಷಧಗಳೂ ಸೋತ ಮಕ್ಕಳು ಅವರು. ಒಂದು ತಿಂಗಳು ಮುಂಚೆ ಮಗುವಿನದೇ ಮಜ್ಜೆ ತೆಗೆದು, ಅದರಲ್ಲಿನ ಟಿ ಕೋಶಗಳನ್ನು ಸೋಸಿ, ಶೈತ್ಯದಲ್ಲಿಟ್ಟರು. ಆಮೇಲೆ ಟಿ ಕೋಶಗಳನ್ನು ಕೊಲ್ಲುವ ಸೀರಮ್, ಸೈಕ್ಲೋಫಾಸ್ಫಮೈಡ್, ಕಡಿಮೆ ಪ್ರಮಾಣದ ವಿಕಿರಣ ಕೊಟ್ಟು ಹಳೆಯ ರಕ್ಷಣೆಯನ್ನು ಗುಡಿಸಿ ಹಾಕಿದರು. ಕೊನೆಗೆ ಅದೇ ಮಜ್ಜೆಯನ್ನು ರಕ್ತ ಕೊಡುವ ಹಾಗೆ ನಾಳದ ಮೂಲಕ ಮರಳಿಸಿದರು. ಮಾತಿನಲ್ಲಿ ಕಸಿ ಎನ್ನುತ್ತೇವೆ, ನಿಜದಲ್ಲಿ ಅದು ಬೀಜ ತೆಗೆದಿಟ್ಟುಕೊಂಡು ಹೊಲ ಸುಟ್ಟು ಮತ್ತೆ ಬಿತ್ತಿದ ಹಾಗೆ.

ಆರು ವಾರಗಳಲ್ಲಿ ಇಎಸ್‌ಆರ್, ಸಿಆರ್‌ಪಿ, ಹಿಮೋಗ್ಲೋಬಿನ್ ಎಲ್ಲ ಬಹುತೇಕ ಸರಿಯಾದವು. ಬೆಳಗಿನ ಬಿಗಿತ ಹೋಯಿತು. ಮೂರರಿಂದ ಆರು ತಿಂಗಳಲ್ಲಿ ಟಿ ಕೋಶಗಳು ಪರೀಕ್ಷೆಯಲ್ಲಿ ಮಾಮೂಲಿನಂತೆ ಪ್ರತಿಕ್ರಿಯಿಸಿದವು. ಇಬ್ಬರು ಮಕ್ಕಳಿಗೆ ಸೀತಾಳೆ ಸಿಡುಬು, ಸರ್ಪಸುತ್ತು ತರುವ ವೈರಸ್ಸಿನ ಗುಳ್ಳೆಗಳು ಸ್ವಲ್ಪ ಎದ್ದು ಅಡಗಿದವು. ಔಷಧವಿಲ್ಲದೆ 6ರಿಂದ 18 ತಿಂಗಳು ಮಕ್ಕಳು ಚೆನ್ನಾಗಿದ್ದರು. ಯುರೋಪಿನ ಬೇರೆ ಆಸ್ಪತ್ರೆಗಳೂ ಇದೇ ಹಾದಿ ಹಿಡಿದವು.

ಆಗ ಸಾವುಗಳು ಸಂಭವಿಸಿದವು. 2004ರಲ್ಲಿ ಪ್ರಕಟವಾದ 34 ಮಕ್ಕಳ ಲೆಕ್ಕದಲ್ಲಿ 18 ಮಕ್ಕಳು ಔಷಧವೇ ಬೇಡದಷ್ಟು ಗುಣವಾಗಿದ್ದರು, 6 ಮಕ್ಕಳಿಗೆ ಅರೆಬರೆ ಗುಣ, 7 ಮಕ್ಕಳಿಗೆ ಏನೂ ಪ್ರಯೋಜನವಿಲ್ಲ. ಕಸಿಯಿಂದಲೇ 3 ಮಕ್ಕಳು, ರೋಗದಿಂದ 2 ಮಕ್ಕಳು ತೀರಿಕೊಂಡಿದ್ದರು. ಕಸಿಯ ನಂತರದ ಸಾವುಗಳಲ್ಲಿ ವೈದ್ಯರನ್ನು ಬೆಚ್ಚಿಬೀಳಿಸಿದ್ದು ಸೋಂಕಿನ ಬೆನ್ನಿಗೆ ಬರುತ್ತಿದ್ದ ಮ್ಯಾಕ್ರೋಫೇಜ್ ಆಕ್ಟಿವೇಶನ್ ಸಿಂಡ್ರೋಮ್ ಎಂಬ ಪ್ರಕೋಪ.

ಇದನ್ನು ಲ್ಯಾಬಿನವಳಾಗಿ ಸ್ವಲ್ಪ ನಿಂತು ವಿವರಿಸಬೇಕು. ಮ್ಯಾಕ್ರೋಫೇಜ್ ಎಂದರೆ ಕೊಳೆ, ಕ್ರಿಮಿ, ಸತ್ತ ಕೋಶಗಳನ್ನು ನುಂಗುವ ದೊಡ್ಡ ಭಕ್ಷಕ ಕೋಶ. ಒಳ್ಳೆಯ ಜಾಡಮಾಲಿ. ಈ ಪ್ರಕೋಪದಲ್ಲಿ ಅದು ಲಂಗುಲಗಾಮಿಲ್ಲದೆ ಮಜ್ಜೆಯೊಳಗಿನ ಒಳ್ಳೆಯ ರಕ್ತಕಣಗಳನ್ನೇ ನುಂಗತೊಡಗುತ್ತದೆ. ಬಂದುಹೋಗುತ್ತಿದ್ದ ಜ್ವರ ಇಳಿಯದೆ ನಿಲ್ಲುತ್ತದೆ. ಪ್ಲೇಟ್‌ಲೆಟ್ ಕುಸಿಯುತ್ತದೆ, ಫೆರಿಟಿನ್ ಸಾವಿರಗಳನ್ನು ದಾಟುತ್ತದೆ, ಯಕೃತ್ತು ಕೆಡುತ್ತದೆ. ಎಲ್ಲಕ್ಕಿಂತ ಮೋಸದ್ದು ಇಎಸ್‌ಆರ್. ಉದ್ದನೆಯ ಕೊಳವೆಯಲ್ಲಿ ರಕ್ತ ನಿಲ್ಲಿಸಿ ಗಂಟೆಗೆ ಎಷ್ಟು ಇಳಿಯಿತು ಎಂದು ನಾನು ಸಾವಿರಾರು ಸಲ ನೋಡಿದ್ದೇನೆ. ಉರಿಯೂತ ಹೆಚ್ಚಿದರೆ ಇಎಸ್‌ಆರ್ ಏರಬೇಕು, ಅದು ನಮಗೆ ಕಲಿಸಿದ ಪಾಠ. ಇಲ್ಲಿ ಮಾತ್ರ ಇಎಸ್‌ಆರ್ ಇಳಿಯುತ್ತದೆ. ಏಕೆಂದರೆ ರಕ್ತಕಣಗಳನ್ನು ಒಟ್ಟುಗೂಡಿಸಿ ಕೆಳಗಿಳಿಸುವ ಫೈಬ್ರಿನೋಜೆನ್ ಖರ್ಚಾಗಿ ಹೋಗಿರುತ್ತದೆ. ತಿಳಿಯದವರು ರಿಪೋರ್ಟ್ ನೋಡಿ ಮಗು ಸುಧಾರಿಸಿದೆ ಎಂದುಕೊಳ್ಳಬೇಕು, ಹಾಗಿರುತ್ತದೆ.

ಸಂಧಿವಾತದ ಮಕ್ಕಳಲ್ಲಿ ಈ ಪ್ರಕೋಪ ಹೊಸದೇನಲ್ಲ. ಪ್ಯಾರಿಸ್ಸಿನ ವೈದ್ಯರು 1985ರಲ್ಲೇ ಇಂಥ ಮಕ್ಕಳ ಬಗ್ಗೆ ಬರೆದಿದ್ದರು. ಇದಕ್ಕೆ ಬಹಳ ಹೋಲುವ, ಮನೆತನದಲ್ಲಿ ಹರಿದುಬರುವ ಇನ್ನೊಂದು ಕಾಯಿಲೆಯನ್ನು 1952ರಲ್ಲಿ ಸ್ಕಾಟ್ಲೆಂಡಿನಲ್ಲಿ ಗುರುತಿಸಲಾಗಿತ್ತು. ಅದರಲ್ಲಿ ಹಸುಗೂಸುಗಳು ಒಂದರ ಹಿಂದೆ ಒಂದು ಇದೇ ರೀತಿ ಸಾಯುತ್ತಿದ್ದವು. ಯೂಟ್ರೆಕ್ಟ್‌ನವರು ತಮ್ಮ ನಾಲ್ಕು ಮಕ್ಕಳ ವರದಿ ಪ್ರಕಟಿಸಿದ ಅದೇ 1999ರಲ್ಲಿ ಆ ಮನೆತನದ ಕಾಯಿಲೆಯ ಒಂದು ಕಾರಣ ಸೈನ್ಸ್ ಪತ್ರಿಕೆಯಲ್ಲಿ ಬಂತು. ಪರ್ಫೋರಿನ್ ಎಂಬ ಪ್ರೋಟೀನಿನ ಜೀನ್ ಕೆಟ್ಟಿರುವುದು.

ಪರ್ಫೋರಿನ್ ನಮ್ಮ ಬಡಗಿಯ ಬೈರಿಗೆ ಇದ್ದ ಹಾಗೆ. ವೈರಸ್ ಹೊಕ್ಕ ಕೋಶವನ್ನು ಕೊಲ್ಲಲು ಹೋಗುವ ಎನ್‌ಕೆ ಕೋಶಗಳು ಮತ್ತು ಒಂದು ಬಗೆಯ ಟಿ ಕೋಶಗಳು ಈ ಬೈರಿಗೆಯಿಂದ ಶತ್ರುವಿನ ಗೋಡೆಗೆ ತೂತು ಕೊರೆಯುತ್ತವೆ, ಆ ತೂತಿನಲ್ಲಿ ಕೊಲ್ಲುವ ರಾಸಾಯನಿಕ ತಳ್ಳುತ್ತವೆ. ಶತ್ರು ಸತ್ತರೆ ಗಲಾಟೆ ಮುಗಿಯಿತು. ಬೈರಿಗೆ ಇಲ್ಲದಿದ್ದರೆ ಶತ್ರುವೂ ಸಾಯುವುದಿಲ್ಲ, ಹೋರಾಟಕ್ಕೆ ಕರೆಯುವ ಕೂಗೂ ನಿಲ್ಲುವುದಿಲ್ಲ, ಆ ಕೂಗು ಕೇಳಿ ಮ್ಯಾಕ್ರೋಫೇಜ್‌ಗಳು ಇನ್ನಷ್ಟು ಕೆರಳುತ್ತವೆ. ಒಲೆ ಹೊತ್ತಿಸುವವರು ಇದ್ದಾರೆ, ಆರಿಸುವವರಿಲ್ಲ.

ಯೂಟ್ರೆಕ್ಟ್‌ನ ವೈದ್ಯರು ಈ ಎಳೆಯನ್ನು ತಮ್ಮ ಮಕ್ಕಳಲ್ಲಿ ಹುಡುಕಿದರು. ನನ್ನ ಮಟ್ಟಿಗೆ ಈ ಚರಿತ್ರೆಯ ತಿರುವು ಇದೇ. ಕಸಿಯಾದ ಮೇಲೆ ಏನಾಯಿತು ಎನ್ನುವುದನ್ನು ಬಿಟ್ಟು, ಕಸಿಗೆ ಮುಂಚೆಯೇ ಆ ಮಗುವಿನ ರಕ್ಷಣೆ ಹೇಗಿತ್ತು ಎಂದು ಕೇಳಿದರು. 2003ರಲ್ಲಿ ಉತ್ತರ ಪ್ರಕಟವಾಯಿತು. ಜ್ವರದಿಂದ ಶುರುವಾಗುವ ಬಗೆಯ ಸಂಧಿವಾತದ ಮಕ್ಕಳ ಕೊಲ್ಲುವ ಕೋಶಗಳಲ್ಲಿ ಪರ್ಫೋರಿನ್ ಕಡಿಮೆ. ಬೇರೆ ಬಗೆಯ ಸಂಧಿವಾತದ ಮಕ್ಕಳಿಗೆ, ಆರೋಗ್ಯವಂತರಿಗೆ ಹೋಲಿಸಿದರೆ ಕಡಿಮೆ. ಕಸಿ ಫಲಿಸಿದ ಮಕ್ಕಳಲ್ಲಿ ಮತ್ತೆ ಅಳೆದಾಗ ಅದು ಸರಿಹೋಗಿತ್ತು! ಅದೇ ವರ್ಷ ಅಮೆರಿಕದ ಸಿನ್ಸಿನ್ನಾಟಿಯ ಅಲೆಕ್ಸಿ ಗ್ರೋಮ್ ಮತ್ತು ಸಂಗಡಿಗರು ಇಂಥ ಮಕ್ಕಳಲ್ಲಿ ಎನ್‌ಕೆ ಕೋಶಗಳು ಸರಿಯಾಗಿ ಕೆಲಸ ಮಾಡುವುದಿಲ್ಲ ಎಂದು ತೋರಿಸಿದರು.

ಮಜ್ಜೆ ಮಗುವಿನದೇ, ಜೀನ್‌ಗಳು ಅವೇ. ಆದರೂ ಸರಿಹೋಯಿತು ಎಂದರೆ ಈ ಮಕ್ಕಳಲ್ಲಿ ಕೊರತೆ ಬಹುಮಟ್ಟಿಗೆ ಹುಟ್ಟಿನಿಂದ ಬಂದದ್ದಲ್ಲ, ರೋಗದ ಉರಿಯೇ ತಂದದ್ದು. 2015ರಲ್ಲಿ ಇಟಲಿಯ ವಿಜ್ಞಾನಿಗಳು ಇದಕ್ಕೆ ಒಂದು ದಾರಿ ತೋರಿಸಿದರು. ಈ ರೋಗದಲ್ಲಿ ರಕ್ತದಲ್ಲಿ ತುಂಬಿತುಳುಕುವ ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕವೇ ಎನ್‌ಕೆ ಕೋಶಗಳ ಪರ್ಫೋರಿನ್ ತಗ್ಗಿಸುತ್ತದೆ. ಅದರ ಮೇಲೆ ವರ್ಷಗಟ್ಟಲೆ ತಿಂದ ಸ್ಟಿರಾಯ್ಡ್, ಸೈಕ್ಲೋಸ್ಪೋರಿನ್‌ಗಳ ಭಾರ ಬೇರೆ. ಕಸಿಗೆ ಬರುವ ಮಗುವಿನ ರಕ್ಷಣಾ ವ್ಯವಸ್ಥೆ ಒಂದು ಕೈಯಲ್ಲಿ ಬೆಂಕಿ ಹಚ್ಚುತ್ತಿರುತ್ತದೆ, ಇನ್ನೊಂದು ಕೈ ಆಗಲೇ ಬಿದ್ದುಹೋಗಿರುತ್ತದೆ. ಅಂಥ ಮಗುವಿನಲ್ಲಿ ಉಳಿದ ಟಿ ಕೋಶಗಳನ್ನೂ ಪೂರ್ತಿ ಒರೆಸಿ ಹಾಕಿದಾಗ ಸಣ್ಣ ವೈರಸ್ ಒಂದೇ ಸಾಕಾಗುತ್ತಿತ್ತು.

ಮೂರನೆಯ ಕೊರತೆಯೂ ಇತ್ತು. ಜಪಾನಿನ ಶಿಮೋನ್ ಸಕಾಗುಚಿ 1995ರಲ್ಲಿ ಗುರುತಿಸಿದ ನಿಯಂತ್ರಕ ಟಿ ಕೋಶಗಳ ಬಗ್ಗೆ ನೀವು ಪತ್ರಿಕೆಯಲ್ಲಿ ಓದಿರಬಹುದು, 2025ರ ನೊಬೆಲ್ ಬಂದದ್ದು ಆ ಕೆಲಸಕ್ಕೆ. ಬೇರೆ ಕೋಶಗಳನ್ನು ಸುಮ್ಮನಿರಿಸುವ ಹಿರಿಯರು ಅವು. ಕಸಿಯಾಗಿ ಗುಣವಾದ ಮಕ್ಕಳಲ್ಲಿ ಈ ಹಿರಿಯರ ಜಾಲ ಮತ್ತೆ ಕಟ್ಟಿಕೊಂಡಿತು, ಮೊದಲು ಮೈಗೆ ಎದುರಾಗಿದ್ದ ಕೋಶಗಳ ಸ್ವಭಾವವೂ ಬದಲಾಯಿತು ಎಂದು ಯೂಟ್ರೆಕ್ಟ್‌ನ ಇಸ್ಮೆ ಡಿ ಕ್ಲೇರ್ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದರು. 34 ಮಕ್ಕಳ ಆ ಕಹಿ ಲೆಕ್ಕವನ್ನು ಮುಚ್ಚಿಡದೆ ಬರೆದವರಲ್ಲಿ ಮೊದಲ ಹೆಸರೂ ಈಕೆಯದೇ.

ಸಾವುಗಳ ನಂತರ ಕಸಿಯ ವಿಧಾನ ಬದಲಾಯಿತು. ಟಿ ಕೋಶಗಳನ್ನು ಅಷ್ಟು ಕಟ್ಟುನಿಟ್ಟಾಗಿ ಸೋಸುವುದನ್ನು ಬಿಟ್ಟರು. ರೋಗ ಕುದಿಯುತ್ತಿರುವಾಗ ಕಸಿಗೆ ಇಳಿಯದೆ ಮೊದಲು ಜ್ವರ ತಣಿಸಿದರು. ವೈರಸ್ ತಡೆಯುವ ಔಷಧವನ್ನು ಮುಂಚಿತವಾಗಿಯೇ ಕೊಟ್ಟರು, ಸ್ಟಿರಾಯ್ಡನ್ನು ನಿಧಾನವಾಗಿ ಇಳಿಸಿದರು. ಆದರೂ ಕೆಲವು ಮಕ್ಕಳಿಗೆ ವರ್ಷಗಳ ನಂತರ ರೋಗ ಮರಳಿತು. ಅಷ್ಟರಲ್ಲಿ ಬೇರೆ ಬಾಗಿಲು ತೆರೆದಿತ್ತು. ಇಂಟರ್‌ಲ್ಯೂಕಿನ್-6 ಅನ್ನು ತಡೆಯುವ ಟೊಸಿಲಿಜುಮ್ಯಾಬ್ ಇಂಥ ಮಕ್ಕಳಿಗೆ ಒಗ್ಗುತ್ತದೆ ಎಂದು 2008ರಲ್ಲಿ ಜಪಾನಿನಿಂದ, 2012ರಲ್ಲಿ ಬೇರೆ ದೇಶಗಳಿಂದ ವರದಿ ಬಂತು. ಇಂಟರ್‌ಲ್ಯೂಕಿನ್-1 ತಡೆಯುವ ಔಷಧಗಳೂ ಬಂದವು. ಕಸಿ ಬೇಕಾಗುವ ಮಕ್ಕಳ ಸಂಖ್ಯೆ ಬಹಳ ಇಳಿಯಿತು. ಈಗಲೂ ಯಾವುದಕ್ಕೂ ಬಗ್ಗದ ಕೆಲವರಿಗೆ ಬೇರೆಯವರ ಮಜ್ಜೆಯ ಕಸಿ ಮಾಡುತ್ತಾರೆ. 2018ರಲ್ಲಿ ಅಂಥ ವರದಿ ಬಂದದ್ದು ಇಂಗ್ಲೆಂಡಿನಿಂದ. ಅದರಲ್ಲಿ ಸ್ಟಿಲ್ ತನ್ನ 22 ಮಕ್ಕಳನ್ನು ಕಂಡ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯೂ ಇತ್ತು.

ಇಷ್ಟನ್ನೆಲ್ಲ ಓದಿಕೊಂಡು ನಾನು ಧಾರವಾಡಕ್ಕೆ ಮತ್ತೆ ಫೋನ್ ಮಾಡಿದೆ. "ಎರಡೂ ಖರೇ ಅದ. ಸಿಟ್ಟು ಜಾಸ್ತಿ, ಶಕ್ತಿ ಕಡಿಮಿ," ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಅಮೃತಬಳ್ಳಿ ಕಷಾಯ ಬಂದ್ ಮಾಡ್ಲೇನು?" ಎಂದಳು. ಕೊರೊನಾ ಕಾಲದಿಂದ ನಮ್ಮೆಲ್ಲರ ಅಡುಗೆಮನೆಯಲ್ಲಿ ಇಮ್ಯೂನಿಟಿ ಎಂಬ ಶಬ್ದ ಒಗ್ಗರಣೆಯ ಡಬ್ಬಿಯಂತೆ ಕುಳಿತಿದೆ. ಅತ್ತೆ ಕುದಿಸಿಕೊಡುತ್ತಿದ್ದ ಕಷಾಯವನ್ನು ಡಾಕ್ಟರಿಗೆ ಹೇಳದೆ ಮಗುವಿಗೆ ಕುಡಿಸುತ್ತಿದ್ದಳು. ಡಾಕ್ಟರ ಮುಂದೆ ಹೇಳು, ಅವರು ಬೇಡವೆಂದರೆ ನಿಲ್ಲಿಸು ಎಂದೆ. ಹೇಳಿದಳು, ನಿಲ್ಲಿಸಿದಳು. ಅತ್ತೆಗೆ ಬೇಸರವಾಯಿತಂತೆ.

ಮಗುವಿಗೆ ಟಿ.ಬಿ. ಇರಲಿಲ್ಲ. ಎರಡು ವಾರಕ್ಕೊಮ್ಮೆ ಟೊಸಿಲಿಜುಮ್ಯಾಬ್ ಡ್ರಿಪ್ ಶುರುವಾಯಿತು. ಖರ್ಚಿಗೆ ಇಬ್ಬರ ಸಂಬಳ, ಊರಿನ ಒಂದು ಸೈಟು ಹೋದವು. ಈಗ ಅವಳಿಗೆ ಎಂಟು ವರ್ಷ, ಎರಡನೇ ಮಹಡಿಯ ಕ್ಲಾಸಿಗೆ ಹತ್ತಿ ಇಳಿಯುತ್ತಾಳೆ, ಡ್ರಿಪ್ಪಿನ ನಡುವಿನ ಅಂತರ ಹೆಚ್ಚಿಸಿದ್ದಾರೆ. ಕಸಿಯ ಮಾತು ಸದ್ಯಕ್ಕಿಲ್ಲ.

ಆದರೂ ಜ್ವರ ಬಂದರೆ ಮನೆಯವರಿಗೆಲ್ಲ ನಿದ್ದೆ ಇರುವುದಿಲ್ಲ. ಕಳೆದ ತಿಂಗಳು ಶಾಲೆಯಲ್ಲಿ ಹರಡಿದ ಯಾವುದೋ ಜ್ವರ ಇವಳಿಗೂ ಬಂತು. ರಾತ್ರಿ ಹತ್ತೂವರೆಗೆ ವಾಟ್ಸ್ಯಾಪಿನಲ್ಲಿ ರಿಪೋರ್ಟ್ ಬಂತು, ಕೆಳಗೆ "ಇಎಸ್‌ಆರ್ 4 ಅದ ಮೌಶಿ, ಛಲೋ ಅಲ್ಲಾ?" ಎಂದು ಬರೆದಿದ್ದಳು. ಆ ಔಷಧ ತೆಗೆದುಕೊಳ್ಳುವವರಲ್ಲಿ ಇಎಸ್‌ಆರ್ ಹೇಗೂ ಕೆಳಗೇ ಇರುತ್ತದೆ. ನಾನು ಕನ್ನಡಕ ಹಾಕಿಕೊಂಡು ಮೊದಲು ಪ್ಲೇಟ್‌ಲೆಟ್ ಸಾಲು ಹುಡುಕಿದೆ. ಮೂರು ಲಕ್ಷ ಹತ್ತು ಸಾವಿರ. ಫೆರಿಟಿನ್ 88. ಆಮೇಲೆ ಬರೆದೆ, "ಛಲೋ ಅದ. ನಾಳೆ ಡಾಕ್ಟರಿಗೆ ತೋರಸು. ಈಗ ಮಲಕೋ."